ಮುಖ ಕೊನೆಗೆ

ಜೂನ್ ೪

ಅಕ್ಕನಿಗೆ,

ಫೋನ್ ಮಾಡುವುದು ಬಿಟ್ಟು ಕಾಗದ ಬರೆಯುತ್ತಿದ್ದಾನಲ್ಲ ಎಂದು ನಗಬೇಡ. ಇರುವುದು ಎರಡು ಕೋಣೆ, ನಡುವೆ ತೆಳ್ಳನೆಯ ಹಲಗೆ ಬಾಗಿಲು. ಫೋನಿನಲ್ಲಿ ಏನು ಹೇಳಿದರೂ ಅಪ್ಪನಿಗೆ ಕೇಳಿಸುತ್ತದೆ. ಈಗ ಹೇಳಬೇಕಾಗಿರುವುದು ಅವನ ಕಿವಿಗೆ ಬೀಳಬಾರದು.

ಆಯಾ ಬಿಟ್ಟುಹೋದಳು. ಮೈ ಒರೆಸುವಾಗ ಅಪ್ಪ ಅವಳ ಮುಖಕ್ಕೆ ಉಗುಳಿದನಂತೆ. "ಅಣ್ಣಾ, ಹೇಲು ಉಚ್ಚೆ ಬಾಚೋದಕ್ಕೆ ನನಗೇನೂ ಬೇಜಾರಿಲ್ಲ. ಎಂಜಲು ಉಗುಳಿಸಿಕೊಳ್ಳೋದು ನನ್ನ ಕೈಲಾಗಲ್ಲ" ಎಂದು ಚೀಲ ಎತ್ತಿಕೊಂಡು ಹೊರಟಳು. ಹಾಗಾಗಿ ಇವತ್ತು ಮೊದಲ ಸಲ ನಾನೇ ಒರೆಸಿದೆ.

ಅಮ್ಮ ಇದ್ದಾಗ ಈ ಕೆಲಸ ಹೇಗಿರುತ್ತದೆಂದು ನಾನು ನೋಡಿದವನೇ ಅಲ್ಲ. ಬಾಗಿಲು ಹಾಕಿಕೊಂಡು ಬಿಡುತ್ತಿದ್ದಳು. ನಾನು ಬೇಕರಿಯಿಂದ ಬಂದು ಚಹಾ ಕುಡಿಯುತ್ತ ಕೂತರೆ ಒಳಗಿನಿಂದ ಅವಳ ಬಾಯಿ ಮಾತ್ರ ಕೇಳುತ್ತಿತ್ತು. "ಹೋಲ್ಡಾನ್! ಎತ್ತಿ ಕಾಲನ್ನ, ಮಹಾರಾಯರೇ!" ಕಂಡಕ್ಟರ್ ಕೆಲಸ ಬಿಟ್ಟು ಹಾಸಿಗೆ ಹಿಡಿದ ಅಪ್ಪನನ್ನು ಬಸ್ಸಿನ ಮಾತಿನಲ್ಲೇ ಹಂಗಿಸುತ್ತಾಳಲ್ಲ ಎಂದು ಸಂಕಟವಾಗುತ್ತಿತ್ತು. ಕೆಳಗಿನ ಮನೆಯಾಕೆ ಕೂಡ ಮೆಟ್ಟಿಲ ಬಳಿ ನಿಂತು "ಏನ್ರೀ, ಬೆಳಿಗ್ಗೆ ಬೆಳಿಗ್ಗೆ ಯಾರ ಜೊತೆ ಜಗಳ?" ಎಂದು ಕೂಗುವುದು, ಅಮ್ಮ ಒಳಗಿನಿಂದಲೇ "ಕಂಡಕ್ಟರ್ ಜೊತೆ! ಚಿಲ್ಲರೆ ಕೊಟ್ಟಿಲ್ಲ!" ಅನ್ನುವುದು. ಆದರೂ ಅಪ್ಪ ಅವಳ ಕೈಯಲ್ಲಿ ಗಲಾಟೆ ಮಾಡಿದ್ದು ನನಗೆ ನೆನಪಿಲ್ಲ.

ನನ್ನ ಕೈಯಲ್ಲಿ ಮಾಡಿದ. ಅಮ್ಮನಿಗೆ ಜ್ವರ ಬಂದಾಗ ನೀನು ತಂದ ನೀಲಿ ಪ್ಲಾಸ್ಟಿಕ್ ಟಬ್ಬು ಮಂಚದ ಕೆಳಗೇ ಇತ್ತು. ಆಯಾಳೂ ಅದನ್ನೇ ಬಳಸುತ್ತಿದ್ದಳು. ನೀರು ತುಂಬಿಕೊಂಡು ಹೋದೆ. ಬಟ್ಟೆ ಬಿಚ್ಚಿದ ಕೂಡಲೇ ವಾಸನೆ ಮುಖಕ್ಕೆ ರಾಚಿತು. ಬರಿಯ ಉಚ್ಚೆಯದಲ್ಲ. ತೊಡೆಯ ಸಂದಿನಲ್ಲಿ, ಹೊಟ್ಟೆಯ ಮಡಿಕೆಯ ಕೆಳಗೆ ಬೆವರು ಕೂತು ಬಿಳಿ ಅಂಟಾಗಿದೆ. ಹುಳಿ ಮೀರಿ ಕೆಟ್ಟುಹೋದ ಹಿಟ್ಟಿನ ವಾಸನೆ. ಆ ವಾಸನೆ ನನಗೆ ಚೆನ್ನಾಗಿ ಗೊತ್ತು, ಬಂದರೆ ಪೂರ್ತಿ ಹಿಟ್ಟನ್ನು ಎತ್ತಿ ಎಸೆಯುತ್ತೇವೆ. ಅಪ್ಪನನ್ನು ಎಲ್ಲಿ ಎಸೆಯಲಿ? ಹೊಟ್ಟೆ ಒರೆಸಲು ಕೈಯಿಟ್ಟರೆ ಬೆಚ್ಚಗೆ, ಮೆತ್ತಗೆ, ಬೆರಳು ಒತ್ತಿದಲ್ಲಿ ಗುಳಿ ಬಿದ್ದು ನಿಧಾನಕ್ಕೆ ಮೇಲೇಳುತ್ತದೆ. ಥೇಟ್ ಉಬ್ಬಿದ ಹಿಟ್ಟು. ವಾಂತಿ ಬಂದು ಬಚ್ಚಲಿಗೆ ಓಡಿದೆ. ಅಪ್ಪನನ್ನು ಬೆತ್ತಲೆ ಬಿಟ್ಟು ಓಡಿದೆ, ಅಕ್ಕ.

ವಾಪಸು ಬಂದಾಗ ನನ್ನನ್ನು ನೋಡಿ "ಥೂ" ಅಂದ. ಲಕ್ವ ಹೊಡೆದ ಮೇಲೆ ಅವನ ಬಾಯಲ್ಲಿ ಉಳಿದಿರುವ ಮಾತು ಅದೊಂದೇ ಎಂದು ಗೊತ್ತು. ಆದರೂ ಇವತ್ತು ನನಗೇ ಅಂದ ಹಾಗಿತ್ತು.

ಡಾಕ್ಟರಮ್ಮ ಊರಾಚೆಯ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದವರ ವಾರ್ಡು ಇದೆ ಎಂದಿದ್ದಾರೆ. ಮುಂದಿನ ತಿಂಗಳು ಒಂದು ಮಂಚ ಖಾಲಿಯಾಗಬಹುದಂತೆ. ಒಮ್ಮೆ ಹೋದವರು ಅಲ್ಲಿಂದ ಮನೆಗೆ ಬರುವುದಿಲ್ಲ, ಅದನ್ನೂ ಅವರೇ ಹೇಳಿದರು. ಕಳಿಸಲು ನನಗೆ ಮನಸ್ಸಿಲ್ಲ. ಇಟ್ಟುಕೊಳ್ಳಲು ತ್ರಾಣವಿಲ್ಲ. ನೀನು ದಿನವೂ ಇದನ್ನೇ ಮಾಡುವವಳು. ಹೇಗೆ ಮಾಡುತ್ತೀಯ, ಬರೆ.

ನಿನ್ನ ತಮ್ಮ


ಜೂನ್ ೧೦

ಗುಂಡನಿಗೆ,

ನಿನ್ನ ಕಾಗದ ಊಟದ ಹೊತ್ತಿನಲ್ಲಿ ಓದಿದೆ, ಊಟವನ್ನೂ ಮುಗಿಸಿದೆ. ಇಷ್ಟು ವರ್ಷ ನರ್ಸಾಗಿದ್ದಕ್ಕೆ ಇದೊಂದು ಲಾಭ.

ಅಸಹ್ಯವಾಯಿತು ಅಂದೆ. ಆಗಲಿ ಬಿಡು. ನನಗೂ ಆಗುತ್ತದೆ. ಆಗುವುದೇ ಇಲ್ಲ ಅನ್ನುವ ನರ್ಸನ್ನು ನಾನು ನಂಬುವುದಿಲ್ಲ. ಬಾಯಿ ಮುಚ್ಚಿಕೋ, ಉಸಿರು ಸಣ್ಣಗೆ ತೆಗೆದುಕೋ, ಮಾತುಕತೆ ಬೇಡ, ಚಕಚಕನೆ ಮುಗಿಸು. ಹೊತ್ತು ಎಳೆದಷ್ಟೂ ವಾಸನೆ ಜಾಸ್ತಿ.

ಇನ್ನು ಕೆಲಸದ ವಿಷಯ. ನಿನಗೆ ನಿನ್ನ ಭಾಷೆಯಲ್ಲೇ ಹೇಳುತ್ತೇನೆ. ನೀರು ನಿನ್ನ ಯೀಸ್ಟಿಗೆ ಹಾಕುವುದಕ್ಕಿಂತ ಒಂದು ಚೂರು ಬಿಸಿ ಇರಲಿ, ಒರೆಸುವಷ್ಟರಲ್ಲಿ ಆರುತ್ತದೆ. ಹಿಟ್ಟನ್ನು ತೆರೆದಿಟ್ಟರೆ ಮೇಲೆ ಪದರ ಕಟ್ಟುತ್ತದೆ ತಾನೇ? ಮನುಷ್ಯನೂ ಹಾಗೇ. ಪೂರ್ತಿ ಬಿಚ್ಚಬೇಡ. ಹೊದಿಕೆ ಮೇಲಿರಲಿ, ಒರೆಸುವ ಭಾಗವನ್ನಷ್ಟೇ ಹೊರಗೆ ತೆಗೆ, ಒರೆಸು, ಒಣಗಿಸು, ಮುಚ್ಚು. ಮೊದಲು ಮುಖ, ನೀರು ಶುಭ್ರವಾಗಿರುವಾಗಲೇ. ಆಮೇಲೆ ಕೈ, ಎದೆ, ಹೊಟ್ಟೆ, ಕಾಲು. ನೀರು ಬದಲಿಸಿ ಬೆನ್ನು. ಕೊನೆಗೆ ಕೆಳಗಿನದು. ಮುಖದಿಂದ ಶುರು, ಇದು ತಪ್ಪಬಾರದು. ಮಡಿಕೆಗಳನ್ನು ಉಜ್ಜಬೇಡ, ಒತ್ತಿ ಒತ್ತಿ ಒಣಗಿಸು.

"ಥೂ" ಅಂದದ್ದಕ್ಕೆ ಮುಖ ಸಣ್ಣದು ಮಾಡಿಕೊಳ್ಳಬೇಡ. ಮಾತು ಹೋದವರಲ್ಲಿ ಕೆಲವರಿಗೆ ಒಂದೇ ಶಬ್ದ ಅಂಟಿಕೊಂಡು ಉಳಿಯುತ್ತದೆ. ನಮ್ಮ ವಾರ್ಡಿನಲ್ಲಿ ಒಬ್ಬರು ಮೇಷ್ಟ್ರಿದ್ದಾರೆ, ಎಲ್ಲದಕ್ಕೂ "ಸೋಮವಾರ" ಅನ್ನುತ್ತಾರೆ. ಹಸಿವಾದರೂ ಸೋಮವಾರ, ನೋವಾದರೂ ಸೋಮವಾರ. ಬೈಯುವುದಿದ್ದರೂ ಸೋಮವಾರವೇ, ದನಿ ಮಾತ್ರ ಜೋರು.

ವಾರ್ಡಿಗೆ ಕಳಿಸಬೇಡ. ಯಾಕೆ ಎಂದು ಕೇಳಬೇಡ.

ಅಕ್ಕ


ಜೂನ್ ೧೮

ಅಕ್ಕನಿಗೆ,

ನೀನು ಬರೆದ ಹಾಗೆಯೇ ಮಾಡಿದೆ. ಮೊದಲಿಗಿಂತ ಕೆಟ್ಟದಾಯಿತು.

ಹೊದಿಕೆ ಹೊದಿಸಿದೆ, ನೀರಿಗೆ ಮೊಣಕೈ ಅದ್ದಿ ನೋಡಿದೆ, ತುಟಿ ಬಿಗಿಹಿಡಿದು ಒಂದು ಮಾತೂ ಆಡದೆ ಮುಖಕ್ಕೆ ಬಟ್ಟೆ ಇಟ್ಟೆ. ಅಪ್ಪನ ಮೈ ಹಲಗೆಯಂತೆ ಸೆಟೆಯಿತು. ಬಟ್ಟೆಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ. ಬಿಡಿಸಿಕೊಳ್ಳಲು ಎಳೆದರೆ ಒಸಡಿನಿಂದ ರಕ್ತ ಬಂತು. ನೆಟ್ಟಗಿರುವ ಎಡಗೈಯಲ್ಲಿ ನನ್ನ ಕೆನ್ನೆಗೆ ಹೊಡೆದ. ಟಬ್ಬಿಗೆ ಒದೆಯಲು ನೋಡಿದ. ಇಷ್ಟೆಲ್ಲ ಆಗುವಾಗ ಹೆದರಿಕೆಗೋ ಏನೋ ಹಾಸಿಗೆಯಲ್ಲೇ ಮಾಡಿಕೊಂಡ. ಅದು ನನ್ನ ಮೊಣಕೈವರೆಗೆ ಹತ್ತಿತು. ಬಿಸಿಯಾಗಿತ್ತು. ಅದನ್ನು ಬರೆಯಬಾರದು, ಆದರೆ ಬಿಸಿಯಾಗಿತ್ತು ಅನ್ನುವುದೇ ತಲೆಯಿಂದ ಹೋಗುತ್ತಿಲ್ಲ.

ನಾಲ್ಕೈದು ದಿನ ಹೀಗೇ. ಈಗ ಮುಖ, ಕೈ ಮಾತ್ರ ಹೇಗೋ ಒದ್ದೆ ಮಾಡಿ ಬಿಡುತ್ತೇನೆ. ಸೊಂಟದ ಹಿಂದೆ ಚರ್ಮ ಕೆಂಪಾಗಿ ಬಾಯಿ ಬಿಟ್ಟಿದೆ. ಡಾಕ್ಟರಮ್ಮ ನೋಡಿ, "ಹಾಸಿಗೆ ಹುಣ್ಣು ಶುರುವಾಗಿದೆ. ಮೈ ಮುಟ್ಟಿಸಿಕೊಳ್ಳದಿದ್ದರೆ ಮನೇಲಿ ಆಗಲ್ಲಪ್ಪ, ಬೇಗ ಹೇಳಿ" ಎಂದರು.

ಭಾನುವಾರ ಚಿಕ್ಕಪ್ಪ ಬಂದಿದ್ದ. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಾಗಿಲಲ್ಲೇ ನಿಂತು ಅಣ್ಣನನ್ನು ನೋಡಿದ. "ಇಂಥ ಸೇವೆ ಮಾಡೋ ಪುಣ್ಯ ಎಷ್ಟು ಜನಕ್ಕೆ ಸಿಗುತ್ತೋ" ಅಂದ. "ಹಾಗಾದರೆ ಬಾ ಚಿಕ್ಕಪ್ಪ, ಅರ್ಧ ಪುಣ್ಯ ನೀನು ತಗೋ, ಬೆನ್ನು ಒರೆಸೋದಿದೆ" ಅಂದೆ. ಬಸ್ಸಿಗೆ ಹೊತ್ತಾಯಿತೆಂದು ಹೊರಟ. ನನಗೆ ಅಪ್ಪನ ಹೇಲಿಗಿಂತ ಆ ಕರವಸ್ತ್ರದ ಸೆಂಟಿನ ವಾಸನೆ ಹೆಚ್ಚು ಅಸಹ್ಯವಾಯಿತು.

ಬೇಕರಿಯಲ್ಲಿ ಹಿಟ್ಟು ನಾದಲು ಆಗುತ್ತಿಲ್ಲ. ಕೈ ತೊಳೆದು ತೊಳೆದು ಬೆರಳ ಸಂದು ಬಿರಿದಿದೆ. ಮಾಲೀಕರು ನನ್ನ ಕೈಯನ್ನೇ ನೋಡುತ್ತಿದ್ದವರು, "ಗುಂಡಾ, ಸ್ವಲ್ಪ ದಿನ ಒಲೆ ಕಡೆ ಇರು. ನಿನ್ನ ಮನೆ ವಿಷಯ ಗಿರಾಕಿಗಳಿಗೆ ಗೊತ್ತಾಗೋದು ಬೇಡ" ಎಂದರು. ನನಗೂ ಸಮಾಧಾನವೇ ಆಯಿತು. ಹಿಟ್ಟು ಮುಟ್ಟಿದರೆ ಅಪ್ಪನ ಹೊಟ್ಟೆ ಮುಟ್ಟಿದ ಹಾಗೆ, ಅಪ್ಪನ ಹೊಟ್ಟೆ ಮುಟ್ಟಿದರೆ ಹಿಟ್ಟು ಮುಟ್ಟಿದ ಹಾಗೆ. ಬ್ರೆಡ್ಡು ತಿನ್ನುವುದನ್ನೇ ಬಿಟ್ಟಿದ್ದೇನೆ.

ಅಪ್ಪ ನನ್ನನ್ನು ಕಂಡರೆ ಹೇಸುತ್ತಾನೆ ಅನ್ನಿಸುತ್ತದೆ. ನನಗೆ ಅವನನ್ನು ಕಂಡರೆ ಆಗುತ್ತದಲ್ಲ, ಹಾಗೇ. ಬೇಗ ಬರೆ. ಸಾಧ್ಯವಾದರೆ ನಾಲ್ಕು ದಿನ ಬಂದು ಹೋಗು.

ತಮ್ಮ


ಜುಲೈ ೧

ಗುಂಡನಿಗೆ,

ಬರೆಯಲು ತಡವಾಯಿತು. ಕೆಲಸ ಜಾಸ್ತಿ. ಬರಲು ಆಗುವುದಿಲ್ಲ, ರಜೆ ಇಲ್ಲ.

ಮಂಚದ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸು. ಬಗ್ಗಿ ಬಗ್ಗಿ ಮಾಡಬೇಡ. ಅಪ್ಪನನ್ನು ಹೊರಳಿಸುವಾಗ ಒಬ್ಬನೇ ಎತ್ತಲು ಹೋಗಬೇಡ, ನಿನ್ನ ಕಡೆಗೆ ಉರುಳಿಸಿಕೋ. ಬೆನ್ನು ಜೋಪಾನ. ಇದನ್ನು ತಮಾಷೆ ಅಂದುಕೊಳ್ಳಬೇಡ.

ಹುಣ್ಣಿನ ಕಡೆ ಮಲಗಿಸಬೇಡ. ವಾರ್ಡಿಗೆ ಕಳಿಸಬೇಡ. ಸ್ವಲ್ಪ ದಿನ ತಡೆ.

ಅಕ್ಕ


ಜುಲೈ ೫

ಅಕ್ಕನಿಗೆ,

ಎರಡು ವಾರ ಕಾದೆ. ಬಂದದ್ದು ನಾಲ್ಕು ಸಾಲು, ಅದೂ ಪೆನ್ಸಿಲಿನಲ್ಲಿ, ಸೊಟ್ಟ ಸೊಟ್ಟ. ಪೆನ್ನು ಹುಡುಕುವಷ್ಟೂ ಪುರುಸೊತ್ತಿಲ್ಲವೇ ನಿನಗೆ?

ನನಗೆ ಬೇಕಾಗಿದ್ದದ್ದು ಇಟ್ಟಿಗೆಯಲ್ಲ. ಕಳಿಸಬೇಡ, ಕಳಿಸಬೇಡ ಎಂದು ದೂರದಿಂದ ಹೇಳುವುದು ಸುಲಭ. ನೀನು ತೊಳೆಯುವವರು ನಿನಗೆ ಯಾರೂ ಅಲ್ಲ. ಬಾಗಿಲು ದಾಟಿದರೆ ಮರೆತುಬಿಡಬಹುದು. ನಾನು ಈ ಕೋಣೆ ದಾಟಿದರೆ ಇರುವುದು ಇನ್ನೊಂದೇ ಕೋಣೆ. ಅಲ್ಲಿಗೂ ವಾಸನೆ ಬರುತ್ತದೆ. ಅನ್ನಕ್ಕೆ ಬರುತ್ತದೆ, ದಿಂಬಿಗೆ ಬರುತ್ತದೆ. ಅಮ್ಮನ ಸೀರೆ ಒಂದನ್ನು ಮಡಿಸಿ ಇಟ್ಟುಕೊಂಡಿದ್ದೆ, ಅವಳ ವಾಸನೆ ಇರಲಿ ಎಂದು. ಅದಕ್ಕೂ ಹತ್ತಿಕೊಂಡಿದೆ. ಆವತ್ತು ಅತ್ತುಬಿಟ್ಟೆ. ಅಮ್ಮ ಸತ್ತ ದಿನ ಓಡಾಟದಲ್ಲಿ ಅತ್ತಿರಲಿಲ್ಲ.

ಡಾಕ್ಟರಮ್ಮನಿಗೆ ಹೂಂ ಅಂದಿದ್ದೇನೆ. ಇಪ್ಪತ್ತೆರಡರ ಮಧ್ಯಾಹ್ನ ಆಸ್ಪತ್ರೆಯ ವ್ಯಾನು ಬರುತ್ತದೆ. ಅಪ್ಪನಿಗೆ ಇನ್ನೂ ಹೇಳಿಲ್ಲ.

ತಮ್ಮ


ಜುಲೈ ೧೦

ಗುಂಡನಿಗೆ,

ಪೆನ್ನಿದೆ. ಅಂಗಾತ ಮಲಗಿ ಬರೆದರೆ ಪೆನ್ನಿನ ಮಸಿ ಇಳಿಯುವುದಿಲ್ಲ, ಅದಕ್ಕೇ ಪೆನ್ಸಿಲು.

ಜೂನ್ ಕೊನೆಗೆ ಒಬ್ಬ ದಪ್ಪ ಹೆಂಗಸಿನ ಮೈ ಒರೆಸಿ ಚಾದರ ಬದಲಿಸುತ್ತಿದ್ದೆ. ಇನ್ನೊಬ್ಬಳು ಬರಬೇಕಿತ್ತು, ಬರಲಿಲ್ಲ. ಒಬ್ಬಳೇ ಎತ್ತಿದೆ. ಸೊಂಟದಲ್ಲಿ ಏನೋ ಕಳಚಿದ ಹಾಗಾಯಿತು. ಅಂದಿನಿಂದ ನಮ್ಮದೇ ಆಸ್ಪತ್ರೆಯ ಮೂಲೆಯ ಮಂಚದ ಮೇಲೆ ಹೆಂಚು ಎಣಿಸುತ್ತಿದ್ದೇನೆ. ಏಳುವ ಹಾಗಿಲ್ಲ. ನಿನಗೆ ಹೇಳಿದರೆ ಇನ್ನೊಂದು ಭಾರ ಎಂದು ಹೇಳಲಿಲ್ಲ.

ಈಗ ಕೇಳು. ನನ್ನ ಮೈಯನ್ನೂ ಒರೆಸುತ್ತಾರೆ. ಒರೆಸುವವಳು ನಾನೇ ಕೆಲಸ ಕಲಿಸಿದ ಹುಡುಗಿ, ಉದ್ದ ಜಡೆಯವಳು. ಮೊದಲ ದಿನ ಕಣ್ಣು ಮುಚ್ಚಿ ಮಲಗಿದ್ದೆ. ಹೇಳದೆ ಕೇಳದೆ ತಣ್ಣನೆ ಒದ್ದೆ ಬಟ್ಟೆ ಮುಖದ ಮೇಲೆ ಬಿತ್ತು. ಮೂಗು ಮುಚ್ಚಿತು, ನೀರು ಕಿವಿಗೆ ಇಳಿಯಿತು. ಯಾರು, ಏನು, ಒಂದೂ ತಿಳಿಯಲಿಲ್ಲ. ನನ್ನ ಬಾಯಿಂದ ಏನು ಬಂತು ಗೊತ್ತಾ? "ಥೂ!" ಅಂದೆ. ಅವಳು ಬೆಚ್ಚಿ, "ಸಿಸ್ಟರ್, ನೀವೇ ಅಲ್ವಾ ಮುಖದಿಂದ ಶುರು ಮಾಡು, ಮಾತಾಡಬೇಡ ಅಂದಿದ್ದು!" ಅಂದಳು.

ಪರದೆ ಅರ್ಧ ಎಳೆದಿತ್ತು. ಆಚೆ ಮಂಚದವಳನ್ನು ನೋಡಲು ಬಂದವನು ಬಾಳೆಹಣ್ಣು ಸುಲಿಯುತ್ತ ನನ್ನನ್ನು ನೋಡುತ್ತಿದ್ದ. ನೀರಿನಲ್ಲಿ ಯಾರದೋ ಕೂದಲು ತೇಲುತ್ತಿತ್ತು, ನನಗಿಂತ ಮೊದಲು ಅದೇ ನೀರಿನಲ್ಲಿ ಇನ್ನೊಬ್ಬಳನ್ನು ಒರೆಸಿದ್ದಳು. ಹುಡುಗಿಯನ್ನು ಏನೆಂದು ಬಯ್ಯಲಿ? ಬೆಳಗಾದರೆ ಅವಳೊಬ್ಬಳಿಗೆ ವಾರ್ಡಿನ ಅರ್ಧ ಮಂಚಗಳು. ಅವಳ ಕಣ್ಣಲ್ಲೂ ನೋಡಿದೆ, ಹೇಸಿಗೆಯನ್ನು ನುಂಗಿಕೊಂಡು ಮಾಡುತ್ತಿದ್ದಳು. ನಾನೂ ಹಾಗೇ ಮಾಡಿದವಳು. ವಾರ್ಡಿಗೆ ಕಳಿಸಬೇಡ ಅಂದದ್ದು ಇದಕ್ಕೇ. ಅಲ್ಲಿರುವವರು ಕೆಟ್ಟವರಲ್ಲ. ನಾನೂ ಅವರಲ್ಲಿ ಒಬ್ಬಳು, ಅದಕ್ಕೇ ಹೇಳುತ್ತಿದ್ದೇನೆ.

ಎರಡನೆಯ ದಿನ "ಬಟ್ಟೆ ಇಲ್ಲಿ ಕೊಡಮ್ಮ, ನನ್ನ ಮುಖ ನಾನೇ ಒರೆಸ್ಕೋತೀನಿ" ಎಂದು ಕಸಿದುಕೊಂಡೆ. ಆಮೇಲಿನದು ಹೇಗೋ ತಡೆದುಕೊಳ್ಳುವಂತಾಯಿತು. ಅಪ್ಪನ ಎಡಗೈ ಚೆನ್ನಾಗಿದೆ, ನಿನ್ನ ಕೆನ್ನೆಗೇ ಗೊತ್ತಲ್ಲ. ಅವನ ಕೈಗೆ ಬಟ್ಟೆ ಕೊಟ್ಟು ನೋಡು.

ಇನ್ನೊಂದು ವಿಷಯ. ಅಮ್ಮ ಬಾಗಿಲ ಹಿಂದೆ ಬಯ್ಯುತ್ತಿದ್ದಳು ಅಂದೆಯಲ್ಲ, ಅವಳು ಏನೆನ್ನುತ್ತಿದ್ದಳು? ಅವಳ ಮಾತು ಹೇಗಿತ್ತೋ ಹಾಗೇ ಬರೆದು ಕಳಿಸು.

ಅಕ್ಕ


ಜುಲೈ ೧೫

ಅಕ್ಕನಿಗೆ,

ನಾನು ಬರೆದದ್ದನ್ನು ಅಂಗಾತ ಮಲಗಿಕೊಂಡೇ ಓದಿರುತ್ತೀಯ. ಊಟ ಮಾಡುತ್ತೀಯ ತಾನೇ? ನಿನಗೆ ಯಾರು ತಿನ್ನಿಸುತ್ತಾರೆ?

ಅಮ್ಮನ ಮಾತು ನೆನಪಾದಷ್ಟು ಬರೆಯುತ್ತೇನೆ. "ಹೋಲ್ಡಾನ್! ಪಾದ ಬಂತು, ಪಾದ. ಎತ್ತಿ ಮಹಾರಾಯರೇ. ರೈಟ್! ಮುಂದೆ ಮೊಣಕಾಲು. ಯಾರ್ರೀ ಇಳಿಯೋರು? ಇಳಿಯೋರಿಲ್ವಾ? ರೈಟ್ ರೈಟ್. ಈಗ ಬಿಸಿ ನೀರು ಬರುತ್ತೆ ನೋಡಿ, ಆಮೇಲೆ ಸುಡ್ತು ಅನ್ನಬೇಡಿ." ದಿನವೂ ಇದೇ. ಬರೆಯುತ್ತ ಬರೆಯುತ್ತ ಕೈ ನಿಂತಿತು. ಅವಳು ಬಯ್ಯುತ್ತಿರಲಿಲ್ಲ. ಎಲ್ಲಿ ಮುಟ್ಟುತ್ತೇನೆಂದು ಮುಟ್ಟುವ ಮೊದಲೇ ಹೇಳುತ್ತಿದ್ದಳು. ಮತ್ತೆ ಅವಳು ಶುರು ಮಾಡುತ್ತಿದ್ದದ್ದು ಪಾದದಿಂದ.

ನಿನ್ನೆ ಬಟ್ಟೆಯನ್ನು ಅಪ್ಪನ ಎಡಗೈಗೆ ಕೊಡೋಣ ಎಂದು ಹೋದೆ. ಟಬ್ಬನ್ನು ಮಂಚದ ಕೆಳಗಿನಿಂದ ಎಳೆದದ್ದೇ ತಡ, ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡ. ಸೋಪು ಕೈ ಜಾರಿ ಬೀರುವಿನ ಹತ್ತಿರ ಹೋಯಿತು. ತೆಗೆದುಕೊಳ್ಳಲು ಮಂಚಕ್ಕೆ ಒರಗಿ ಮೊಣಕಾಲೂರಿದೆ. ನನ್ನ ತಲೆ ಅಪ್ಪನ ದಿಂಬಿನ ಎತ್ತರಕ್ಕೆ ಬಂತು. ಎದುರಿಗೆ, ಆ ಗೋಡೆಗೇ ಒರಗಿಸಿಟ್ಟ ಬೀರುವಿನ ಕನ್ನಡಿ. ಅದರಲ್ಲಿ ನಮ್ಮ ಹಿಂದಿನ ಅಮ್ಮನ ಮಂಚ ತಲೆಯಿಂದ ಕಾಲಿನವರೆಗೂ ಕಾಣುತ್ತದೆ, ಅಕ್ಕ. ನಿಂತವರಿಗೆ ಕಾಣುವುದಿಲ್ಲ. ಮಲಗಿದವನಿಗೆ ಕಾಣುತ್ತದೆ.

ಅಮ್ಮ ಹೋದ ಬೆಳಿಗ್ಗೆ ನಾನು ವಾಹನ ತರಲು ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ನೀನು ಅವಳ ಮೈ ತೊಳೆದು ಸೀರೆ ಉಡಿಸಿದ್ದೆ. "ಅಪ್ಪನನ್ನು ಗೋಡೆ ಕಡೆ ತಿರುಗಿಸಿದೆ, ನಿದ್ದೆಯಲ್ಲಿದ್ದಾನೆ, ಏನೂ ನೋಡಿಲ್ಲ" ಅಂದಿದ್ದೆ.

ನಾನು ಕೇಳಿಯೇ ಬಿಟ್ಟೆ. "ಅಪ್ಪಾ, ಆವತ್ತು ನೋಡಿದ್ಯಾ?" ಅಪ್ಪ ಕಣ್ಣು ತೆರೆದ. ಎಡಗೈಯಿಂದ ಕನ್ನಡಿಯನ್ನು ತೋರಿಸಿದ. ಆಮೇಲೆ ನೀಲಿ ಟಬ್ಬನ್ನು ತೋರಿಸಿದ. ಆಮೇಲೆ ಅಂಗೈಯನ್ನು ತನ್ನ ಮುಖದ ಮೇಲೆ ಚಪ್ಪಟೆಯಾಗಿಟ್ಟು ಹಣೆಯಿಂದ ಗದ್ದಕ್ಕೆ ನಿಧಾನವಾಗಿ ಎಳೆದ, ನಾವು ಸತ್ತವರ ಕಣ್ಣು ಮುಚ್ಚುವ ಹಾಗೆ. "ಥೂ" ಅಂದ. ದನಿ ಜೋರಿರಲಿಲ್ಲ.

ಆ ಟಬ್ಬಿನಲ್ಲಿಯೇ ತೊಳೆದೆಯಾ? ಮುಖದಿಂದ ಶುರು ಮಾಡಿದೆಯಾ? ವ್ಯಾನು ಬರುವುದರೊಳಗೆ ನನಗೆ ಗೊತ್ತಾಗಬೇಕು. ನಿನ್ನನ್ನು ದೂರುವುದಕ್ಕಲ್ಲ.

ಗುಂಡ


ಜುಲೈ ೧೮

ಗುಂಡನಿಗೆ,

ಹೌದು, ಆ ಟಬ್ಬಿನಲ್ಲೇ. ಮನೆಯಲ್ಲಿ ಕೈಗೆ ಸಿಕ್ಕಿದ್ದು ಅದೇ. ಮುಖದಿಂದಲೇ. ವಾರ್ಡಿನಲ್ಲಿ ಸತ್ತವರನ್ನು ತೊಳೆಯುವಾಗಲೂ ನಾವು ಮಾತಾಡಿಸುತ್ತೇವೆ, "ಅಜ್ಜಿ, ಈಗ ಕೈ ಎತ್ತುತ್ತೇನೆ" ಅನ್ನುತ್ತೇವೆ. ಬದುಕಿರುವವರ ಹತ್ತಿರ ಅಷ್ಟು ಹೊತ್ತು ನಿಂತು ಮಾತಾಡಲು ಆಗುವುದಿಲ್ಲ, ಸತ್ತವರಿಗೆ ಸಮಯವಿರುತ್ತದೆ. ಅಮ್ಮನ ವಿಷಯದಲ್ಲಿ ಮಾತ್ರ ನನ್ನ ನಾಲಿಗೆ ಏಳಲಿಲ್ಲ. ತುಟಿ ಕಚ್ಚಿಕೊಂಡು ತೊಳೆದೆ. ಕೋಣೆಯಲ್ಲಿ ನೀರು ಹಿಂಡುವ ಸದ್ದೊಂದೇ.

ಆಮೇಲೆ ಆಯಾ ಬಂದಳು. ನೀನು ಬಂದೆ. ಅದೇ ಟಬ್ಬು, ಬಾಯಿ ಮುಚ್ಚಿಕೊಂಡು, ಮುಖದಿಂದ. ನಾನೇ ಬರೆದು ಕಳಿಸಿದೆನಲ್ಲ. ಅಪ್ಪನಿಗೆ ದಿನವೂ ಬೆಳಿಗ್ಗೆ ಏನನ್ನಿಸಿರಬೇಕು, ಯೋಚಿಸು. ಉಸಿರಾಡುತ್ತಿರುವವನನ್ನು ಹೆಣ ಮಾಡಿ ತೊಳೆಯುತ್ತಿದ್ದೆವು.

ಟಬ್ಬು ಬಿಸಾಕು. ಪಾದದಿಂದ ಶುರು ಮಾಡು. ಬಾಯಿ ಮುಚ್ಚಬೇಡ. ವಾಸನೆ ಮೂಗಿಗೆ ಹೋದರೆ ಹೋಗಲಿ.

ಅಕ್ಕ


ಜುಲೈ ೨೭

ಅಕ್ಕನಿಗೆ,

ನಿನ್ನ ಕಾಗದ ಇಪ್ಪತ್ತೊಂದಕ್ಕೆ ಸಿಕ್ಕಿತು. ಅವತ್ತೇ ಮಾಲೀಕರ ಹತ್ತಿರ, ಅಂಚು ಜಜ್ಜಿಹೋಗಿ ಮೂಲೆಗೆ ಬಿದ್ದಿದ್ದ ಹಿಟ್ಟಿನ ಸ್ಟೀಲ್ ಬೋಗುಣಿಯನ್ನು ಕೇಳಿದೆ. "ಮನೇಲಿ ಬೇಕರಿ ಇಡ್ತೀಯೇನೋ?" ಅಂದರು. "ಇಲ್ಲ, ಅಪ್ಪನ ಮೈ ಒರೆಸೋಕೆ" ಅಂದೆ. ಮುಖ ಕಿವುಚಿದರು. "ಹಾಗಾದರೆ ಮತ್ತೆ ವಾಪಸು ತರಬೇಡ" ಎಂದು ಕೊಟ್ಟರು. ನೀಲಿ ಟಬ್ಬನ್ನು ಕಸದ ಗಾಡಿಯವನ ಕೈಗೇ ಕೊಟ್ಟು ಬಂದೆ, ಅಪ್ಪನಿಗೂ ಹೇಳಿದೆ.

ಮರುದಿನ ಬೆಳಿಗ್ಗೆ ಬಾಗಿಲು ಹಾಕಿದೆ. ಬೀರುವಿನ ಕನ್ನಡಿಯ ಮೇಲೆ ಅಮ್ಮನ ಆ ಸೀರೆಯನ್ನು ಹೊದಿಸಿದೆ. ವಾಸನೆ ಹಿಡಿದದ್ದೇ, ಇನ್ನೇನು ಹಾಳಾಗಬೇಕು. ಕಾಲ ಕಡೆ ನಿಂತೆ. ಬಾಯಿ ತೆರೆಯಲು ನಾಚಿಕೆ. ಅಪ್ಪನ ಮುಂದೆ ಬಸ್ಸಿನ ಕೂಗು ಕೂಗುವುದೆಂದರೆ! ಗಂಟಲು ಸರಿಮಾಡಿಕೊಂಡು "ಹೋಲ್ಡಾನ್" ಅಂದೆ. ದನಿ ಮೇಕೆಯ ಹಾಗೆ ಬಂತು. ಅಪ್ಪ ತಲೆಯೆತ್ತಿ ನೋಡಿದ. "ಪಾದ ಬಂತು. ಎಡಪಾದ. ಬಿಸಿ ನೀರು." ಮುಟ್ಟಿದೆ. ಕಾಲು ಸೆಟೆಯಲಿಲ್ಲ.

ಮೊಣಕಾಲಿನ ಹೊತ್ತಿಗೆ ನನ್ನ ಗಂಟಲು ಬಿಟ್ಟಿತ್ತು. "ಯಾರ್ರೀ ಇಳಿಯೋರು? ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ನಡೀರಿ!" ಅಪ್ಪನ ಎಡಗೈ ಹೊದಿಕೆಯ ಮೇಲೆ ಮೆಲ್ಲಗೆ ಎರಡು ಸಲ ಬಡಿಯಿತು. ಬಸ್ಸಿನ ಹಲಗೆಗೆ ತಟ್ಟಿ ರೈಟ್ ಕೊಡುತ್ತಿದ್ದನಲ್ಲ, ಹಾಗೆ. ಅಲ್ಲಿಂದ ಮುಂದೆ ಅವನು ತಟ್ಟಿದರೆ ಮಾತ್ರ ಮುಂದಿನ ಜಾಗ.

ಅಸಹ್ಯ ಹೋಯಿತೆಂದು ತಿಳಿಯಬೇಡ. ತೊಡೆಯ ಸಂದು ಅದೇ ಸಂದು, ಅಂಟು ಅದೇ ಅಂಟು. ಬಾಯಿ ತೆರೆದು ಮಾತಾಡುತ್ತಿದ್ದರೆ ವಾಸನೆ ನಾಲಿಗೆಗೂ ಹತ್ತುತ್ತದೆ, ಅದನ್ನು ನೀನು ಬರೆದಿರಲಿಲ್ಲ. ಹುಣ್ಣಿನ ಬಾಯಲ್ಲಿ ಹಳದಿ ಕಂಡಾಗ "ಅಪ್ಪಾ, ಬಸ್ಸು ಎರಡು ನಿಮಿಷ ನಿಲ್ಲುತ್ತೆ" ಎಂದು ಮುಚ್ಚಿ ಹೊದಿಸಿ, ಕಿಟಕಿಯ ಹೊರಗೆ ತಲೆ ಹಾಕಿ ನಿಂತೆ. ಹಿಂದಿನಿಂದ ತಟ್ಟುವ ಸದ್ದು ಬಂತು. ಎರಡು ಸಲ. ಹೊತ್ತಾಯಿತು, ಬಾ ಎಂದು. ಹೋದೆ.

ಬೋಗುಣಿಗೆ ಹೊಸ ನೀರು ತಂದು, "ಕೊನೆ ಸ್ಟಾಪು. ಮುಖ. ಎಲ್ಲರೂ ಇಳೀರಿ" ಎಂದು ಶುಭ್ರವಾದ ಬಟ್ಟೆಯೊಂದನ್ನು ಹಿಂಡಿ ಅವನ ಎಡಗೈಗೆ ಕೊಟ್ಟೆ. ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ಇದ್ದ. ಆಮೇಲೆ ಹಣೆ ಒರೆಸಿಕೊಂಡ, ಕಣ್ಣು ಒರೆಸಿಕೊಂಡ, ಸೊಟ್ಟಗಾದ ತುಟಿಯ ಮೂಲೆಯನ್ನು ಉಜ್ಜಿ ಉಜ್ಜಿ ಒರೆಸಿಕೊಂಡ. ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ ಒರೆಸಿಕೊಂಡು, ಬಟ್ಟೆಯನ್ನು ಮೂಗಿನ ಹತ್ತಿರ ತಂದು ಮೂಸಿದ. ಮುಖ ಹಿಂಡಿ, "ಥೂ!" ಎಂದು ಅದನ್ನು ನನ್ನ ಮೂಗಿಗೇ ಹಿಡಿದ. ಕೊಳೆತ ಹಾಗೆ ನಾರುತ್ತಿತ್ತು. "ಥೂ!" ಅಂದೆ ನಾನೂ. ಅಪ್ಪನ ಹೊಟ್ಟೆ ಕುಲುಕಿತು. ನಕ್ಕದ್ದು, ಅಕ್ಕ. ಅಮ್ಮ ಹೋದ ಮೇಲೆ ಮೊದಲ ಸಲ.

ಮಧ್ಯಾಹ್ನ ವ್ಯಾನು ಬಂತು, ಡಾಕ್ಟರಮ್ಮನೂ ಬಂದರು. ಸ್ಟ್ರೆಚರ್ ಹಿಡಿದವನೊಬ್ಬ ಏನೂ ಹೇಳದೆ ಅಪ್ಪನ ಕಂಕುಳಿಗೆ ಕೈ ಹಾಕಲು ಬಗ್ಗಿದ. "ಹೇಳಿ ಮುಟ್ಟಪ್ಪ!" ಎಂದು ಕಿರುಚಿದೆ. ಅವನು ಹೆದರಿ ಹಿಂದೆ ಸರಿದ. ಡಾಕ್ಟರಮ್ಮ ಅಪ್ಪನನ್ನು ಹೊರಳಿಸಿ ಹುಣ್ಣು ನೋಡಿದರು, ಮಡಿಕೆಗಳನ್ನು ನೋಡಿದರು. "ಯಾರು ಒರೆಸಿದ್ದು?" ಅಂದರು. "ನಾನು. ಮುಖ ಮಾತ್ರ ಅವನೇ." "ಹುಣ್ಣು ಮಾಯೋವರೆಗೂ ದಿನಾ ಹೀಗೇ ಆಗಬೇಕು. ಆಗುತ್ತಾ? ಈ ಮಂಚ ಬೇರೆಯವರಿಗೆ ಕೊಟ್ಟರೆ ಮತ್ತೆ ಸಿಗಲ್ಲ." ಆಗುತ್ತೆ ಎನ್ನಲು ನನಗೆ ಧೈರ್ಯವಿರಲಿಲ್ಲ. ನಾಳೆ ಬೆಳಿಗ್ಗೆಯದನ್ನು ನೆನೆದರೆ ಆಗಲೇ ಬಾಯಲ್ಲಿ ನೀರೂರಿ ವಾಂತಿ ಬರುವ ಹಾಗಿತ್ತು. "ಅವರಿಗೇ ಕೊಡಿ" ಅಂದೆ.

ಇಂದಿಗೂ ನಡೆದಿದೆ. ದಿನವೂ ಹೇಸುತ್ತೇನೆ, ದಿನವೂ ಕೂಗುತ್ತೇನೆ. ಆ ಜಡೆಯ ಹುಡುಗಿಗೂ ಕೂಗಲು ಹೇಳು. ನಿನ್ನ ಪಾದ ಬಂದಾಗ ಪಾದ ಅನ್ನಲಿ.

ಇವತ್ತು ನೀರು ಚೆಲ್ಲಲು ಹೊರಗೆ ಬಂದರೆ ಕೆಳ ಮನೆಯಾಕೆ ಮೆಟ್ಟಿಲ ಬಳಿ ನಿಂತಿದ್ದಳು. ಅಮ್ಮ ಹೋದ ಮೇಲೆ ನಮ್ಮ ಮನೆ ಕಡೆ ತಲೆಯೆತ್ತಿರಲಿಲ್ಲ.

"ಏನಪ್ಪಾ, ಬೆಳಿಗ್ಗೆ ಬೆಳಿಗ್ಗೆ ಯಾರ ಜೊತೆ ಜಗಳ?"

"ಕಂಡಕ್ಟರ್ ಜೊತೆ" ಅಂದೆ. "ಚಿಲ್ಲರೆ ಕೊಟ್ಟಿಲ್ಲ."

ಗುಂಡ